ಸೂಜಿ ನೋಡಿ ಎಚ್ಚರ ತಪ್ಪಿದರೆ ನರ್ಸಿಂಗ್ ಬಿಡಬೇಕಾ?

ಪ್ರಶ್ನೆ: ಡಾಕ್ಟರ್, ನಾನು ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ, ವಯಸ್ಸು 19. ಹೋದ ತಿಂಗಳು ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಗೆಳತಿಯ ತೋಳಿನಿಂದ ರಕ್ತ ತೆಗೆಯುವುದನ್ನು ನಿಂತು ನೋಡುತ್ತಿದ್ದೆ. ಮೈ ಬೆವರಿತು. ಹೊಟ್ಟೆ ತೊಳಸಿತು. ಕಣ್ಣಿಗೆ ಕತ್ತಲೆ ಕಟ್ಟಿತು, ಮಾತೆಲ್ಲ ದೂರದಿಂದ ಕೇಳಿಸಿದ ಹಾಗಾಯಿತು. ಆಮೇಲೆ ನೋಡಿದರೆ ನೆಲದ ಮೇಲಿದ್ದೆ. ಕಣ್ಣು ಬಿಟ್ಟೇ ಇತ್ತು, ಕೈ ನಾಲ್ಕೈದು ಸಲ ಅದುರಿತು ಎಂದು ಗೆಳತಿಯರು ಹೇಳಿದರು. ಅದಕ್ಕೇ ಕೆಲವರು ಫಿಟ್ಸ್ ಅನ್ನುತ್ತಿದ್ದಾರೆ. ಅರ್ಧ ನಿಮಿಷದೊಳಗೆ ಎಚ್ಚರವಾಯಿತಂತೆ, ಎಲ್ಲರ ಗುರುತೂ ಸಿಕ್ಕಿತು. ಮೇಡಂ ನಾಡಿ ಹಿಡಿದಾಗ 44 ಇತ್ತು, ಸ್ವಲ್ಪ ಹೊತ್ತಿನ ನಂತರ ಬಿಪಿ 98/60. ಲೋ ಬಿಪಿ ಅಂತ ಒಬ್ಬರು, ರಕ್ತ ಕಡಿಮೆ ಅಂತ ಇನ್ನೊಬ್ಬರು. ಹಾರ್ಟ್ ವೀಕ್ ಅಂದವರೂ ಇದ್ದಾರೆ. ಹೈಸ್ಕೂಲಿನಲ್ಲಿ ಒಮ್ಮೆ ಬಿಸಿಲಲ್ಲಿ ತುಂಬ ಹೊತ್ತು ನಿಂತು ಬಿದ್ದಿದ್ದೆ. ಅಪ್ಪನಿಗೂ ಇಂಜೆಕ್ಷನ್ ಅಂದರೆ ಆಗುವುದಿಲ್ಲ. ಹೆದರಿದಾಗ ಹೃದಯ ಜೋರಾಗಿ ಬಡಿಯುತ್ತದೆ ಎಂದು ಓದಿದ್ದೇವೆ, ಹಾಗಾದರೆ ನನ್ನ ನಾಡಿ ಇಳಿದದ್ದು ಯಾಕೆ? ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ತಲೆ ಸ್ಕ್ಯಾನ್ ಮಾಡಿಸಬೇಕಾ? ರಕ್ತ ನೋಡಿದರೆ ಬೀಳುವವಳು ಈ ಕೋರ್ಸ್ ಬಿಡುವುದೇ ಒಳ್ಳೆಯದಾ? ಮುಂದೆ ರಕ್ತದಾನ ಮಾಡಬಹುದಾ?

ಉತ್ತರ: ಕೋರ್ಸ್ ಬಿಡುವ ಯೋಚನೆಯನ್ನು ಮೊದಲು ಬಿಡಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ನೀವು ಬರೆದ ಕ್ರಮವನ್ನೇ ಇನ್ನೊಮ್ಮೆ ಓದಿಕೊಳ್ಳಿ. ಬೆವರು, ಹೊಟ್ಟೆ ತೊಳಸುವುದು, ಕಣ್ಣಿಗೆ ಕತ್ತಲೆ, ಆಮೇಲೆ ಕಿವಿ ಮಂದ, ಆಮೇಲೆ ನೆಲ. ಮಲಗಿದ ಮೇಲೆ ಬೇಗ ಎಚ್ಚರ, ಎದ್ದ ಕೂಡಲೇ ಗುರುತು. ಎದುರಿಗೆ ನಿಂತು ನೋಡುತ್ತಿದ್ದದ್ದು ರಕ್ತ. ಹಿಂದೊಮ್ಮೆ ಬಿದ್ದದ್ದು ಬಿಸಿಲಲ್ಲಿ ನಿಂತಾಗ. ಮನೆಯಲ್ಲಿ ಅಪ್ಪನಿಗೂ ಸೂಜಿ ಆಗದು. ಪತ್ರ ಓದಿ ರೋಗ ತೀರ್ಮಾನ ಮಾಡುವುದು ಸರಿಯಲ್ಲ ನಿಜ, ಆದರೆ ಇದಕ್ಕಿಂತ ಸ್ಪಷ್ಟವಾದ ವೇಸೋವೇಗಲ್ ಸಿಂಕೊಪಿಯ, ಅಂದರೆ ನಾಡಿ, ಬಿಪಿ ತಟ್ಟನೆ ಇಳಿದು ಸ್ವಲ್ಪ ಹೊತ್ತು ಎಚ್ಚರ ತಪ್ಪುವುದರ, ಕಥೆ ಬರೆಯಿರಿ ಎಂದರೆ ನನಗೂ ಕಷ್ಟ. ಜೀವನದಲ್ಲಿ ಒಮ್ಮೆಯಾದರೂ ಎಚ್ಚರ ತಪ್ಪಿ ಬಿದ್ದವರು ಹತ್ತರಲ್ಲಿ ಮೂರ್ನಾಲ್ಕು ಜನ ಇರುತ್ತಾರೆ. ಅದರಲ್ಲಿ ಜಾಸ್ತಿ ಪಾಲು ಇದೇ ಬಗೆ. ಮೊದಲ ಸಲ ಬೀಳುವುದು ಹೆಚ್ಚಾಗಿ ಹದಿಹರೆಯದಲ್ಲೇ, ಹುಡುಗಿಯರಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ನಿಮಗೆ ಮೂರು ಭಯ ಇದ್ದಂತಿದೆ: ಇದು ಫಿಟ್ಸ್ ಇರಬಹುದಾ, ಹೃದಯದಲ್ಲಿ ತೊಂದರೆ ಇದೆಯಾ, ಈ ಕೆಲಸಕ್ಕೆ ನಾನು ಲಾಯಕ್ಕಾ. ಅದರ ಜೊತೆಗೆ ನಾಡಿಯ ಬಗ್ಗೆ ಒಂದು ಒಳ್ಳೆಯ ಫಿಸಿಯಾಲಜಿ ಪ್ರಶ್ನೆಯೂ ಇದೆ. ಅದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಅರ್ಧ ಬಿಡಿಸಿದ ಹಾಗೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಂತ ಮನುಷ್ಯನ ರಕ್ತ

ಮೆದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಆದರೆ ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಪಂಪ್ ಮಾಡುವ ಸುಮಾರು 5 ಲೀಟರ್ ರಕ್ತದಲ್ಲಿ 700ರಿಂದ 750 ಮಿಲಿ ಅದಕ್ಕೇ ಹೋಗುತ್ತದೆ. ಮೆದುಳಿಗೆ ಆಮ್ಲಜನಕ ಕೂಡಿಟ್ಟುಕೊಳ್ಳುವ ಅಭ್ಯಾಸ ಇಲ್ಲ. ರಕ್ತ ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಮೇಲಾಗಿ ಅದು ಇರುವುದು ಹೃದಯಕ್ಕಿಂತ ಒಂದು ಅಡಿಯಷ್ಟು ಮೇಲೆ. ನೀರಿನ ಒತ್ತಡ ಇಳಿದಾಗ ಮೊದಲು ಒಣಗುವುದು ಮೇಲಿನ ಮಹಡಿಯ ನಲ್ಲಿ, ಅಲ್ವಾ? ಇಲ್ಲೂ ಹಾಗೇ.

ನೀವು ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೂ ಕೆಳಹೊಟ್ಟೆಗೂ ಇಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ಅದು ಹೊರಗೆ ತಳ್ಳುವುದೂ ಕಡಿಮೆಯಾಗುತ್ತದೆ. ಆದರೂ ನಾವು ದಿನಾ ಏಳುತ್ತೇವೆ, ಬೀಳುವುದಿಲ್ಲ. ಕಾರಣ, ಕುತ್ತಿಗೆಯ ಕ್ಯಾರೋಟಿಡ್ ಸೈನಸ್ಸಿನಲ್ಲೂ ಮಹಾಪಧಮನಿಯ ಬಾಗಿನಲ್ಲೂ ಬ್ಯಾರೋರಿಸೆಪ್ಟರುಗಳಿವೆ. ರಕ್ತನಾಳದ ಗೋಡೆ ಎಷ್ಟು ಹಿಗ್ಗಿದೆ ಎನ್ನುವುದನ್ನು ಅವು ಪ್ರತಿ ಬಡಿತಕ್ಕೂ ಅಳೆಯುತ್ತವೆ. ಕ್ಯಾರೋಟಿಡ್‌ನ ಸುದ್ದಿ 9ನೇ ಕಪಾಲ ನರದಿಂದ, ಮಹಾಪಧಮನಿಯದು 10ನೆಯದರಿಂದ, ಅಂದರೆ ವೇಗಸ್‌ನಿಂದ, ಮೆದುಳುಕಾಂಡದ ಕೆಳಭಾಗವಾದ ಮೆಡುಲ್ಲಾಗೆ ಮುಟ್ಟುತ್ತದೆ. ಒತ್ತಡ ಇಳಿಯಿತು ಎಂದು ಗೊತ್ತಾದರೆ ಮೆಡುಲ್ಲಾ ಹೃದಯವನ್ನು ನಿಧಾನ ಮಾಡುವ ವೇಗಸ್ ನರವನ್ನು ಸುಮ್ಮನಾಗಿಸಿ, ಹೃದಯವನ್ನು ಚುರುಕು ಮಾಡಿ ರಕ್ತನಾಳ ಬಿಗಿಯುವ ಸಿಂಪಥೆಟಿಕ್ ನರಗಳ ಕೆಲಸ ಏರಿಸುತ್ತದೆ. ನಾಡಿ ಹತ್ತಿಪ್ಪತ್ತು ಜಾಸ್ತಿಯಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಇಷ್ಟೆಲ್ಲ ಆಗುವುದು ಕೆಲವೇ ಸೆಕೆಂಡಿನಲ್ಲಿ.

ಇದಕ್ಕೆ ಜೊತೆಗಾರ ಮೀನಖಂಡ. ನಡೆಯುವಾಗ ಆ ಸ್ನಾಯು ಅಭಿಧಮನಿಗಳನ್ನು ಹಿಂಡುತ್ತದೆ, ಒಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತವರಿಗೆ ಈ ಸಹಾಯ ಇಲ್ಲ. ಬಿಸಿಲೂ ಸೇರಿದರೆ ಚರ್ಮದ ರಕ್ತನಾಳಗಳೂ ಹಿಗ್ಗುತ್ತವೆ, ಬೆವರಿನಲ್ಲಿ ನೀರೂ ಹೋಗುತ್ತದೆ. ಹೈಸ್ಕೂಲಿನಲ್ಲಿ ನೀವು ಬಿದ್ದದ್ದು ಹೀಗೆ.

ಈಗ ನಾಡಿಯ ವಿಷಯ. ನೀವು ಓದಿದ್ದು ತಪ್ಪಲ್ಲ, ಅದು ಕಥೆಯ ಮೊದಲ ಭಾಗ ಅಷ್ಟೆ. ರಕ್ತ ಕಂಡು ಬೀಳುವವರಲ್ಲಿ ಎರಡು ಹಂತ ಇರುತ್ತದೆ. ಮೊದಲ ಹಂತದಲ್ಲಿ ನಾಡಿಯೂ ಬಿಪಿಯೂ ಏರುತ್ತವೆ. ಬೀಳುವುದಕ್ಕೆ ಎರಡು ನಿಮಿಷ ಮುಂಚೆ ಯಾರಾದರೂ ನಿಮ್ಮ ಕೈ ಹಿಡಿದು ನೋಡಿದ್ದರೆ ನಾಡಿ ನೂರು ದಾಟಿರುತ್ತಿತ್ತೇನೋ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಉಲ್ಟಾ. ಸ್ನಾಯುಗಳ ರಕ್ತನಾಳವನ್ನು ಬಿಗಿಹಿಡಿದಿದ್ದ ಸಿಂಪಥೆಟಿಕ್ ಸಂಕೇತ ನಿಲ್ಲುತ್ತದೆ, ನಾಳಗಳು ಸಡಿಲಾಗುತ್ತವೆ. ಅದೇ ಹೊತ್ತಿಗೆ ವೇಗಸ್ ನರ ಹೃದಯದ ಬಡಿತವನ್ನು ಇಳಿಸುತ್ತದೆ. ಕೆಲವರಲ್ಲಿ ಹೃದಯ ಕೆಲವು ಸೆಕೆಂಡು ನಿಂತೂ ಬಿಡುತ್ತದೆ, ತಾನೇ ಮತ್ತೆ ಶುರುವಾಗುತ್ತದೆ. ನಿಮ್ಮ 44 ಈ ಎರಡನೇ ಹಂತದ ಬಾಲ.

ಪರೀಕ್ಷೆಯಲ್ಲಿ ಹುಡುಗರು "ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ, ಅದಕ್ಕೆ ಎಚ್ಚರ ತಪ್ಪುತ್ತದೆ" ಎಂದಷ್ಟೇ ಬರೆಯುತ್ತಾರೆ. ನಾನು ಅರ್ಧ ಅಂಕ ಕೊಡುತ್ತೇನೆ. 1932ರಲ್ಲಿ ಥಾಮಸ್ ಲೂಯಿಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ತೋರಿಸಿದರು. ಹೀಗೆ ಬಿದ್ದವರಿಗೆ ಅಟ್ರೊಪಿನ್ ಕೊಟ್ಟು ವೇಗಸ್ ಅನ್ನು ತಡೆದಾಗ ನಾಡಿ ಏರಿತು, ಆದರೆ ಬಿಪಿ ಇಳಿದೇ ಇತ್ತು. ಅಂದರೆ ನಾಡಿ ಸರಿಯಾದರೂ ಸಾಲದು, ಸಡಿಲಾದ ರಕ್ತನಾಳಗಳೂ ಬಿಗಿಯಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾರ್‌ಕ್ರಾಫ್ಟ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಸ್ವಯಂಸೇವಕರಿಂದ ರಕ್ತ ತೆಗೆದು, ಎಚ್ಚರ ತಪ್ಪುವ ಹೊತ್ತಿನಲ್ಲಿ ಮುಂಗೈಗೆ ಹೋಗುವ ರಕ್ತ ಅಳೆದರು. ಬಿಪಿ ಕುಸಿಯುತ್ತಿದ್ದಾಗಲೇ ಮುಂಗೈ ಸ್ನಾಯುವಿಗೆ ರಕ್ತ ಜಾಸ್ತಿ ಹೋಗುತ್ತಿತ್ತು! ಮೆದುಳಿಗೆ ಬೇಕಾದ ರಕ್ತ ಸ್ನಾಯುಗಳಲ್ಲಿ ಕೂತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಚಿಕಿತ್ಸೆ ಹೇಳುವಾಗ ಬೇಕಾಗುತ್ತದೆ.

ಆದರೆ ಚರ್ಮದ ಕಡೆ ಸಿಂಪಥೆಟಿಕ್ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಮುಖ ಬಿಳಿಚಿಕೊಂಡು ತಣ್ಣನೆ ಬೆವರು ಬರುವುದು. ಇನ್ನು ಕಿವಿಗಿಂತ ಮೊದಲು ಕಣ್ಣು ಯಾಕೆ ಹೋಯಿತು? ಕಣ್ಣುಗುಡ್ಡೆಯ ಒಳಗೆ 10ರಿಂದ 21 ಮಿಮೀ ಪಾದರಸದಷ್ಟು ಒತ್ತಡ ಸದಾ ಇರುತ್ತದೆ. ರಕ್ತ ಅದನ್ನು ಮೀರಿ ಕಣ್ಣಿನ ಹಿಂಭಾಗದ ಪದರವಾದ ರೆಟಿನಾಗೆ ನುಗ್ಗಬೇಕು. ಬಿಪಿ ಇಳಿದಾಗ ಮೊದಲು ಸೋಲುವುದು ಅಲ್ಲೇ. ಬೀಳುವ ಮುಂಚೆ ಕತ್ತಲೆ ಕಟ್ಟುವುದು ದೇಹ ಕೊಡುವ ಸೂಚನೆ. ಅದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಈ ಉಲ್ಟಾ ಹೊಡೆಯುವುದು ಯಾಕೆ? ಖಾಲಿಯಾಗುತ್ತಿರುವ ಹೃದಯ ಜೋರಾಗಿ ಹಿಂಡಿಕೊಂಡಾಗ ಅದರ ಗೋಡೆಯ ನರಗಳು ಮೆದುಳಿಗೆ ತಪ್ಪು ಸುದ್ದಿ ಕಳಿಸುತ್ತವೆ ಎಂದು ಹಳೆಯ ಪುಸ್ತಕಗಳಲ್ಲಿದೆ. ಬೆಜೋಲ್ಡ್-ಯಾರಿಶ್ ರಿಫ್ಲೆಕ್ಸ್ ಎಂದು ನೀವೂ ಓದಬಹುದು. ಆದರೆ ಹೃದಯ ಕಸಿಯಾಗಿ ಆ ನರಗಳೇ ಕಡಿದುಹೋಗಿರುವವರೂ ಹೀಗೆ ಬಿದ್ದದ್ದು ದಾಖಲಾಗಿದೆ. ಆದ್ದರಿಂದ ಅದೊಂದೇ ಕಾರಣ ಅಲ್ಲ. ರಕ್ತ ಕಂಡಾಗ ಬಿಪಿ ಇಳಿದರೆ ಗಾಯದಿಂದ ರಕ್ತ ಸೋರುವುದು ಕಡಿಮೆಯಾಗುತ್ತದೆ, ವಿಕಾಸದಲ್ಲಿ ಅದಕ್ಕೇ ಉಳಿದುಕೊಂಡಿದೆ ಎಂದೂ ಕೆಲವರು ವಾದಿಸುತ್ತಾರೆ. ಕೇಳಲು ಚೆನ್ನಾಗಿದೆ. ಪುರಾವೆ ಮಾತ್ರ ತೆಳು.

ಫಿಟ್ಸ್, ಲೋ ಬಿಪಿ, ರಕ್ತಹೀನತೆ

ಕೈ ಅದುರಿದ ತಕ್ಷಣ ಫಿಟ್ಸ್ ಎಂದು ಹೇಳಿಬಿಡುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು ತಿಳಿವಳಿಕೆ. 1994ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಯುವಕ ಯುವತಿಯರನ್ನು ಬೇಕೆಂದೇ ಎಚ್ಚರ ತಪ್ಪಿಸಿ ವಿಡಿಯೋ ಮಾಡಿದರು. ಪೂರ್ತಿ ಎಚ್ಚರ ತಪ್ಪಿದ 42 ಜನರಲ್ಲಿ 38 ಜನರ ಕೈಕಾಲು ಅದುರಿತ್ತು. ಹೆಚ್ಚಿನವರ ಕಣ್ಣು ತೆರೆದೇ ಇತ್ತು. ಅವರಲ್ಲಿ ಯಾರೂ ಮೂರ್ಛೆ ರೋಗಿಗಳಲ್ಲ. ಮೆದುಳಿನ ಹೊರಪದರಕ್ಕೆ ರಕ್ತ ಸಾಲದೆ ಅದು ಕೆಲಸ ನಿಲ್ಲಿಸಿದಾಗ, ಕೆಳಗಿನ ಮೆದುಳುಕಾಂಡದ ಮೇಲೆ ಹಿಡಿತ ತಪ್ಪುತ್ತದೆ. ಅದುರುವುದು ಅದರಿಂದ.

ಫಿಟ್ಸ್‌ನಲ್ಲಿ ಚಿತ್ರ ಬೇರೆ. ಅದುರುವುದು ಲಯಬದ್ಧವಾಗಿ, ಒಂದೆರಡು ನಿಮಿಷ ನಡೆಯುತ್ತದೆ. ಮುಖ ಬಿಳಿಚುವುದಕ್ಕಿಂತ ನೀಲಿಗಟ್ಟುವುದು ಜಾಸ್ತಿ. ನಾಲಿಗೆಯ ಪಕ್ಕ ಕಚ್ಚಿಕೊಂಡಿರುತ್ತಾರೆ. ಎಚ್ಚರವಾದ ಮೇಲೂ ಬಹಳ ಹೊತ್ತು ಗೊಂದಲ, ತಲೆನೋವು, ಮೈಕೈ ನೋವು. ನಾವು ಬಳಸುವ ಒಂದು ಸುಲಭ ಲೆಕ್ಕ ಇದೆ. ಅದುರಿದ್ದು ಹತ್ತಕ್ಕಿಂತ ಕಡಿಮೆ ಸಲ ಆದರೆ ಸಿಂಕೊಪಿ ಕಡೆ, ಇಪ್ಪತ್ತಕ್ಕಿಂತ ಜಾಸ್ತಿ ಆದರೆ ಫಿಟ್ಸ್ ಕಡೆ ಯೋಚಿಸು. ನಿಮ್ಮದು ನಾಲ್ಕೈದು. ಅಂದಹಾಗೆ ಮೂತ್ರ ಹೋದರೆ ಫಿಟ್ಸೇ ಎಂಬ ನಂಬಿಕೆಯೂ ಸರಿಯಲ್ಲ. ಅದು ಎರಡರಲ್ಲೂ ಆಗಬಹುದು.

98/60 ಲೋ ಬಿಪಿ ಅಲ್ಲ, ಅದು ನಿಮ್ಮ ಬಿಪಿ. ಆರೋಗ್ಯವಾಗಿರುವ 19 ವರ್ಷದ ಹುಡುಗಿಗೆ ಮೇಲಿನ ಅಂಕಿ 90ರಿಂದ 110ರ ನಡುವೆ ಇರುವುದು ತೀರಾ ಸಾಮಾನ್ಯ. 120/80 ಎಲ್ಲರೂ ಮುಟ್ಟಲೇಬೇಕಾದ ಗುರಿ ಅಲ್ಲ. ಮಲಗಿದಾಗಿನ ಬಿಪಿಗೆ ಹೋಲಿಸಿದರೆ, ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಬೇರೆ ಹೆಸರು, ಬೇರೆ ಕಾರಣಗಳು ಇರುತ್ತವೆ. ಹಾಗಾಗಿ ಮಲಗಿ ಒಮ್ಮೆ, ನಿಂತು ಒಮ್ಮೆ ನೋಡಿಸಿಕೊಳ್ಳಿ. ಪ್ರಾಕ್ಟಿಕಲ್ ಕ್ಲಾಸಿನಲ್ಲೇ ಗೆಳತಿಯರು ನೋಡಬಹುದು, ಅವರಿಗೂ ಕಲಿತ ಹಾಗಾಗುತ್ತದೆ.

ರಕ್ತಹೀನತೆಯಿಂದ ಸೂಜಿ ನೋಡಿ ಬೀಳುವುದಿಲ್ಲ. ಅದರ ಲಕ್ಷಣ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಗುಟ್ಟುವುದು. ಆದರೂ ಹಿಮೋಗ್ಲೋಬಿನ್ ನೋಡಿಸಿ. ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತೇವೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಇದು ಸಿಗುವ ಸಾಧ್ಯತೆ ಇದೆ, ಸಿಕ್ಕಿದರೆ ಸರಿಪಡಿಸುವುದು ಸುಲಭ. ಸಕ್ಕರೆ ಇಳಿದು ಬಿದ್ದಿರಬಹುದಾ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಕ್ಕರೆ ಇಳಿದು ಎಚ್ಚರ ತಪ್ಪಿದವರು ಮಲಗಿಸಿದ ಮಾತ್ರಕ್ಕೆ ಅರ್ಧ ನಿಮಿಷದಲ್ಲಿ ಏಳುವುದಿಲ್ಲ. ಮಧುಮೇಹದ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಅಪರೂಪ ಕೂಡ.

ಹೃದಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ

ಹಾರ್ಟ್ ವೀಕ್ ಎನ್ನುವ ಮಾತಿಗೆ ನಿಮ್ಮ ವಿಷಯದಲ್ಲಿ ಅರ್ಥವಿಲ್ಲ. ವೇಗಸ್ ಹೇಳಿದಂತೆ ಕೇಳಿ ನಿಧಾನವಾದ ಹೃದಯ ಚೆನ್ನಾಗಿಯೇ ಇರುತ್ತದೆ. ಆದರೆ ಎಚ್ಚರ ತಪ್ಪಿದವರ ನಡುವೆ ನಿಜಕ್ಕೂ ಹೃದಯದ ತೊಂದರೆ ಇರುವ ಕೆಲವರು ಇರುತ್ತಾರೆ, ಅವರನ್ನು ಬಿಟ್ಟುಬಿಟ್ಟರೆ ಮುಂದಿನ ಸಲ ಏಳದೇ ಹೋಗಬಹುದು. ಮುಂದೆ ನೀವೇ ವಾರ್ಡಿನಲ್ಲಿ ಇಂಥವರನ್ನು ನೋಡುವವರು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓಡುತ್ತಿದ್ದಾಗ, ಆಡುತ್ತಿದ್ದಾಗ, ಈಜುತ್ತಿದ್ದಾಗ ಬಿದ್ದರೆ ಅದು ಎಚ್ಚರಿಕೆಯ ಗಂಟೆ. ಆಟ ಮುಗಿಸಿ ಸುಮ್ನೆ ನಿಂತಾಗ ಬೀಳುವುದು ಹೆಚ್ಚಾಗಿ ಸಾದಾ ಬಗೆ, ಓಡುವ ನಡುವೆ ಬೀಳುವುದು ಹಾಗಲ್ಲ. ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಯಾವ ಸೂಚನೆಯೂ ಇಲ್ಲದೆ ನಿಂತಲ್ಲೇ ಕುಸಿದರೆ, ಬೀಳುವ ಮುಂಚೆ ಎದೆ ವಿಪರೀತ ಹೊಡೆದುಕೊಂಡರೆ ಅಥವಾ ಎದೆ ನೋವು ಬಂದರೆ ಆಗಲೂ ಅಷ್ಟೆ. ಅಲಾರಂ ಸದ್ದಿಗೆ ಬೆಚ್ಚಿಬಿದ್ದು ಎಚ್ಚರ ತಪ್ಪುವುದು ಲಾಂಗ್ ಕ್ಯೂಟಿ ಎಂಬ, ಹುಟ್ಟಿನಿಂದ ಬರುವ ಹೃದಯದ ಲಯದ ತೊಂದರೆಯಲ್ಲಿ ಕಾಣುತ್ತದೆ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಕಾರಣ ಗೊತ್ತಾಗದೆ ತಟ್ಟನೆ ತೀರಿಕೊಂಡಿದ್ದಾರಾ ಎನ್ನುವುದನ್ನು ನಾನು ಪ್ರತಿಯೊಬ್ಬರಿಗೂ ಕೇಳುತ್ತೇನೆ. ನೀರಿಗೆ ಬಿದ್ದು ಹೋದರು ಎಂದು ಹೇಳುವ ಸಾವಿನ ಹಿಂದೆಯೂ ಕೆಲವೊಮ್ಮೆ ಇದೇ ಇರುತ್ತದೆ.

ಇಸಿಜಿ ಒಂದು ಮಾಡಿಸಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಲಾಂಗ್ ಕ್ಯೂಟಿ, ಡಬ್ಲ್ಯುಪಿಡಬ್ಲ್ಯು, ಬ್ರುಗಾಡಾ ಎಂಬ ಹೃದಯದ ಲಯ ತಪ್ಪಿಸುವ ತೊಂದರೆಗಳು, ದಪ್ಪಗಾದ ಹೃದಯ ಸ್ನಾಯು, ಇಂಥವುಗಳ ಸುಳಿವು ಅದರಲ್ಲಿ ಸಿಗುತ್ತದೆ. ಇಸಿಜಿ ಸರಿಯಿದ್ದು, ಎದೆ ಸದ್ದು ಸರಿಯಿದ್ದು, ನಿಮ್ಮ ಕಥೆ ನೀವು ಬರೆದಂತೆಯೇ ಇದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಇಇಜಿ ಮತ್ತು ತಲೆ ಸ್ಕ್ಯಾನ್ ಈಗ ಬೇಡ. ದುಡ್ಡು ಉಳಿಯಲಿ ಎಂದು ಹೇಳುತ್ತಿಲ್ಲ. ಫಿಟ್ಸ್ ಇರುವವರಲ್ಲೂ ನಡುವಿನ ದಿನಗಳಲ್ಲಿ ಇಇಜಿ ಸರಿಯಾಗಿಯೇ ಬರಬಹುದು, ಏನೂ ಇಲ್ಲದವರಲ್ಲೂ ಒಂದೆರಡು ವಿಚಿತ್ರ ಅಲೆ ಕಾಣಬಹುದು. ಆ ಅಲೆ ಹಿಡಿದುಕೊಂಡು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿದವರನ್ನು, ಗಾಡಿ ಓಡಿಸುವುದನ್ನೂ ಕೆಲಸವನ್ನೂ ಬಿಟ್ಟವರನ್ನು ನೋಡಿದ್ದೇನೆ. ಒಂದು ಸಲ ಅಂಟಿದ ಹಣೆಪಟ್ಟಿ ಕೀಳುವುದು ಕಷ್ಟ. ಸಿಟಿ ಸ್ಕ್ಯಾನ್‌ನಲ್ಲಿ ವಿಕಿರಣದ ಲೆಕ್ಕವೂ ಇದೆ. ಅದುರುವುದು ಬಹಳ ಹೊತ್ತು ನಡೆದರೆ, ನಾಲಿಗೆ ಕಚ್ಚಿಕೊಂಡರೆ, ಎದ್ದ ಮೇಲೆ ಗೊಂದಲ ಇದ್ದರೆ, ಕೈಕಾಲಿನಲ್ಲಿ ಬಲ ಇಲ್ಲವಾದರೆ ಆಗ ಮಾತು ಬೇರೆ, ಆಗ ನರರೋಗ ತಜ್ಞರ ಹತ್ತಿರ ಹೋಗಲೇಬೇಕು. ಪದೇ ಪದೇ ಬೀಳುತ್ತಿದ್ದು ಕಾರಣ ಅನುಮಾನವಾಗಿದ್ದರೆ ಟಿಲ್ಟ್ ಟೇಬಲ್ ಪರೀಕ್ಷೆ ಇದೆ. ಹಲಗೆಗೆ ಕಟ್ಟಿ 60, 70 ಡಿಗ್ರಿ ಎತ್ತಿ ನಿಲ್ಲಿಸಿ ನಾಡಿ, ಬಿಪಿ ನೋಡುತ್ತಾರೆ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಏನು ಮಾಡಬಹುದು

ಸುಲಭದ ದಾರಿ ತಪ್ಪಿಸಿಕೊಳ್ಳುವುದು. ರಕ್ತ ತೆಗೆಯುವ ದಿನ ರಜೆ ಹಾಕುವುದು, ಡ್ರೆಸ್ಸಿಂಗ್ ಮಾಡುವಾಗ ಹಿಂದಿನ ಸಾಲಿಗೆ ಸರಿಯುವುದು. ಅಂದಿಗೆ ಬೀಳುವುದಿಲ್ಲ ನಿಜ, ಆದರೆ ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಯ ಬೆಳೆಯುತ್ತದೆ. ಕೊನೆಗೆ ನಿಮಗೇ ಚಿಕಿತ್ಸೆ ಬೇಕಾದಾಗ ಹಲ್ಲಿನ ಡಾಕ್ಟರ ಹತ್ತಿರವೂ ಹೋಗದವರಾಗುತ್ತೀರಿ. ನಾನು ಈ ದಾರಿ ಹೇಳುವುದಿಲ್ಲ.

ಇನ್ನೊಂದು ದಾರಿ ಸ್ನಾಯು ಬಿಗಿಯುವುದು. ರಕ್ತ ಸ್ನಾಯುಗಳಲ್ಲಿ ಕೂತುಬಿಡುತ್ತದೆ ಎಂದೆನಲ್ಲ, ಅದನ್ನು ಅಲ್ಲಿಂದ ಹಿಂಡಿ ತೆಗೆಯುವುದೇ ಉಪಾಯ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರಕ್ತದ ಭಯ ಇರುವವರಿಗೆ ಇದನ್ನು ಕಲಿಸಿ ಪರೀಕ್ಷಿಸಿದರು, ಅಪ್ಲೈಡ್ ಟೆನ್ಷನ್ ಎನ್ನುತ್ತಾರೆ. ಕೂತುಕೊಳ್ಳಿ. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿಯಿರಿ. ಮುಖ ಬೆಚ್ಚಗಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು ಹಾಗೇ ಹಿಡಿಯಿರಿ. ಆಮೇಲೆ 20, 30 ಸೆಕೆಂಡು ಬಿಡಿ. ಪೂರ್ತಿ ಸಡಿಲ ಬಿಡಬೇಡಿ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. ಹೀಗೆ ಐದು ಸಲ. ಉಸಿರು ಮಾತ್ರ ಕಟ್ಟಬಾರದು. ಭಯ ಇಲ್ಲದ ಹೊತ್ತಿನಲ್ಲಿ ದಿನಾ ಮಾಡಿ ರೂಢಿ ಮಾಡಿಕೊಳ್ಳಬೇಕು, ಬೀಳುವ ಕ್ಷಣದಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ರೂಢಿಯಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ರಕ್ತದ ಕಡೆ ಹೋಗಿ. ಮೊದಲು ಚಿತ್ರ, ಆಮೇಲೆ ವಿಡಿಯೋ, ಆಮೇಲೆ ಖಾಲಿ ಸಿರಿಂಜ್ ಕೈಯಲ್ಲಿ ಹಿಡಿಯುವುದು, ಡಮ್ಮಿ ತೋಳಿಗೆ ಚುಚ್ಚುವುದು, ಕೂತು ನೋಡುವುದು, ನಿಂತು ನೋಡುವುದು, ಕೊನೆಗೆ ನೀವೇ ತೆಗೆಯುವುದು. ಒಂದು ಮೆಟ್ಟಿಲು ಬೇಜಾರು ಬರುವಷ್ಟು ಸಲೀಸಾದ ಮೇಲೆಯೇ ಮುಂದಿನದು. ಬೀಳುವವರು ಜಾಸ್ತಿ ಪಕ್ಕದಲ್ಲಿ ಕೈಕಟ್ಟಿ ನೋಡುತ್ತ ನಿಂತವರೇ ಎನ್ನುವುದು ನಾನು ವರ್ಷ ವರ್ಷವೂ ಕಾಣುವ ಸಂಗತಿ. ಕೈಗೊಂದು ಕೆಲಸ ಕೊಟ್ಟರೆ ಅದೇ ಹುಡುಗಿ ಗಟ್ಟಿಯಾಗಿ ನಿಲ್ಲುತ್ತಾಳೆ. ಹಾಗಾಗಿ ಹತ್ತಿಯನ್ನೋ ಟ್ರೇಯನ್ನೋ ಹಿಡಿಯುವ ಕೆಲಸ ಕೇಳಿ ಪಡೆಯಿರಿ. ಭಯ ತುಂಬ ಆಳವಾಗಿದ್ದರೆ, ಹಿಂದಿನ ರಾತ್ರಿಯಿಂದಲೇ ನಿದ್ದೆ ಬರದಿದ್ದರೆ, ಮನಶ್ಶಾಸ್ತ್ರಜ್ಞರ ಜೊತೆ ಇದನ್ನು ಮಾಡುವುದು ಒಳ್ಳೆಯದು.

ಒಂದು ಎಚ್ಚರಿಕೆ. "ಹೆದರಬೇಡ, ಜೋರಾಗಿ ಉಸಿರೆಳೆದುಕೋ, ರಿಲ್ಯಾಕ್ಸ್ ಆಗು" ಎಂದು ಪಕ್ಕದವರು ಹೇಳುತ್ತಾರೆ. ಬೇರೆ ಭಯಗಳಿಗೆ ಅದು ಸರಿ. ನಿಮಗೆ ಉಲ್ಟಾ. ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಮೈ ಸಡಿಲ ಬಿಟ್ಟರೆ ಸ್ನಾಯುಗಳು ಇನ್ನಷ್ಟು ರಕ್ತ ಹಿಡಿದಿಟ್ಟುಕೊಳ್ಳುತ್ತವೆ. ಎರಡೂ ಬೀಳುವುದಕ್ಕೇ ದಾರಿ.

ನಿಂತಿರುವಾಗ ಸೂಚನೆ ಸಿಕ್ಕಿದರೆ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ ಬಿಗಿಯಿರಿ. ಅಥವಾ ಎರಡೂ ಕೈಯ ಬೆರಳು ಕೊಕ್ಕೆ ಹಾಕಿ ಎದುರುಬದುರು ಜಗ್ಗಿ. ಪದೇ ಪದೇ ಬೀಳುತ್ತಿದ್ದವರ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಾದಾ ಸಲಹೆ ಪಡೆದವರಲ್ಲಿ ಅರ್ಧದಷ್ಟು ಜನ ಮತ್ತೆ ಬಿದ್ದರು, ಇದನ್ನೂ ಕಲಿತವರಲ್ಲಿ ಮೂರರಲ್ಲೊಬ್ಬರು. ಪೂರ್ತಿ ಗೆಲುವಲ್ಲ, ಆದರೆ ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. ಕೆಲಸ ಮಾಡದಿದ್ದರೆ ಹಠ ಮಾಡಬೇಡಿ, ಅಲ್ಲೇ ಕೂತು ಬಿಡಿ ಅಥವಾ ಮಲಗಿ. ನಾಚಿಕೊಂಡು ನಿಂತೇ ಇದ್ದವರು ಬೀಳುತ್ತಾರೆ. ಇದರಿಂದ ನಿಜಕ್ಕೂ ಆಗುವ ಹಾನಿ ತಲೆಗೆ, ಹಲ್ಲಿಗೆ, ಮೂಳೆಗೆ ಬೀಳುವ ಪೆಟ್ಟು.

ನೀರು ಚೆನ್ನಾಗಿ ಕುಡಿಯಿರಿ. ಉಪ್ಪು ಸ್ವಲ್ಪ ಹೆಚ್ಚು ತಿನ್ನಿ ಎಂದೂ ಪದೇ ಪದೇ ಬೀಳುವವರಿಗೆ ಹೇಳುವುದುಂಟು. ಆದರೆ ಬಿಪಿ ಜಾಸ್ತಿ ಇರುವವರಿಗೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರಿಗೆ ಅದು ಅಪಾಯ. ಎರಡೇ ಸಲ ಬಿದ್ದ ನಿಮಗೆ ಅದರ ಅಗತ್ಯವೇ ಇಲ್ಲ. ಮಾತ್ರೆಗಳೂ ಇವೆ. ಮಿಡೊಡ್ರಿನ್ ರಕ್ತನಾಳ ಬಿಗಿಯುತ್ತದೆ, ಆದರೆ ಮಲಗಿದಾಗ ಬಿಪಿ ಏರಿಸಬಹುದು, ತಲೆಯ ಚರ್ಮ ಜುಮುಗುಡುತ್ತದೆ. ಫ್ಲೂಡ್ರೊಕಾರ್ಟಿಸೋನ್ ಉಪ್ಪು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಇವೆಲ್ಲ ತಿಂಗಳಿಗೆ ಹಲವು ಸಲ ಬಿದ್ದು ಬದುಕೇ ಅಸ್ತವ್ಯಸ್ತವಾದವರಿಗೆ.

ಪಕ್ಕದಲ್ಲಿ ನಿಂತವರಿಗೆ

ಇದನ್ನು ನಿಮ್ಮ ಗೆಳತಿಯರಿಗೆ ಓದಿ ಹೇಳಿ. ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಬೇಡಿ. ಬೀಳುವುದೇ ದೇಹ ಕಂಡುಕೊಂಡ ಪರಿಹಾರ: ಮಲಗಿದರೆ ಹೃದಯ, ಮೆದುಳು ಒಂದೇ ಮಟ್ಟಕ್ಕೆ ಬರುತ್ತವೆ, ಕಾಲಿನ ರಕ್ತ ವಾಪಸ್ ಬರುತ್ತದೆ. ಪ್ರೀತಿಯಿಂದ ಇಬ್ಬರು ಹಿಡಿದು ನೇರ ಕೂರಿಸಿದರೆ ಮೆದುಳಿಗೆ ರಕ್ತ ಬರುವುದೇ ತಡವಾಗಿ, ಅದುರುವುದು ಇನ್ನೂ ಜಾಸ್ತಿಯಾಗುತ್ತದೆ. ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿಯಿರಿ, ಕುತ್ತಿಗೆಯ ಬಟ್ಟೆ ಸಡಿಲಿಸಿ. ಉಸಿರಾಟ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಬರುವಂತಿದ್ದರೆ ಪಕ್ಕಕ್ಕೆ ಹೊರಳಿಸಿ. ಎಚ್ಚರವಾದ ಮೇಲೂ ಹತ್ತು ನಿಮಿಷ ಮಲಗಿರಲಿ, ಆಮೇಲೆ ಕೂರಲಿ, ಆಮೇಲೆ ಏಳಲಿ. ಅವಸರ ಮಾಡಿ ಎದ್ದವರು ಎರಡನೇ ಸಲ ಬೀಳುವುದು ಮಾಮೂಲು. ಮಲಗಿಸಿ ಒಂದೆರಡು ನಿಮಿಷವಾದರೂ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ. ಉಸಿರು ಇಲ್ಲದಿದ್ದರೆ ಅಥವಾ ಎಳೆದೆಳೆದು ಬರುತ್ತಿದ್ದರೆ ಕಾಯಬೇಡಿ, ಸಿಪಿಆರ್ (ಎದೆ ಒತ್ತುವುದು) ಶುರು ಮಾಡಿ, ಆಂಬುಲೆನ್ಸಿಗೆ ಇನ್ನೊಬ್ಬರು ಫೋನ್ ಮಾಡಲಿ.

ಕೋರ್ಸಿನ ಬಗ್ಗೆ ಇನ್ನೇನು ಹೇಳಲಿ? ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಬೀಳುತ್ತಾರೆ, ನರ್ಸಿಂಗಿನಲ್ಲೂ ಮೆಡಿಕಲ್‌ನಲ್ಲೂ. ಅವರಲ್ಲಿ ಕೆಲವರು ಈಗ ಆಪರೇಷನ್ ಥಿಯೇಟರಿನಲ್ಲೇ ಕೆಲಸ ಮಾಡುತ್ತಿದ್ದಾರೆ. ನಿಮ್ಮ ಮೇಡಂಗೆ ಮೊದಲೇ ಹೇಳಿಡಿ. ಗೋಡೆ ಹತ್ತಿರ ನಿಲ್ಲಿ, ಪಕ್ಕದಲ್ಲಿ ಒಂದು ಸ್ಟೂಲ್ ಇರಲಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮಂಡಿ ಬಿಗಿದು ಒಂದೇ ಭಂಗಿಯಲ್ಲಿ ನಿಲ್ಲಬೇಡಿ.

ರಕ್ತದಾನಕ್ಕೆ ಈಗಲೇ ಅವಸರ ಬೇಡ. ಭಯ ಹಿಡಿತಕ್ಕೆ ಬರಲಿ, ಹಿಮೋಗ್ಲೋಬಿನ್ ಸರಿಯಿರಲಿ, ತೂಕ ಅಲ್ಲಿನ ನಿಯಮಕ್ಕೆ ಹೊಂದಲಿ. ಆಮೇಲೆ ಖಂಡಿತ ಕೊಡಬಹುದು. ಹೋದ ಕೂಡಲೇ "ನಾನು ಹಿಂದೆ ಬಿದ್ದಿದ್ದೇನೆ" ಎಂದು ಹೇಳಿ, ಅವರು ಪೂರ್ತಿ ಮಲಗಿಸಿ ತೆಗೆಯುತ್ತಾರೆ. ಸ್ವಲ್ಪ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ, ಅದು ಕೆಲವು ಹೊತ್ತು ಬಿಪಿಗೆ ಆಸರೆಯಾಗುತ್ತದೆ. ಸೂಜಿ ಇರುವಾಗ ಆ ತೋಳನ್ನು ಬಿಟ್ಟು ಕಾಲು, ಹೊಟ್ಟೆ ಬಿಗಿಯುತ್ತಿರಿ. ಮುಗಿದ ಮೇಲೆ ಅಲ್ಲೇ ಹದಿನೈದು ನಿಮಿಷವಾದರೂ ಕೂತಿರಿ. ಕೆಲವರು ಚೆನ್ನಾಗಿಯೇ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೋ ಬಸ್ ಹತ್ತುವಾಗಲೋ ಬೀಳುತ್ತಾರೆ. ಮೊದಲ ಸಲ ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಆ ದಿನ ಗಾಡಿ ಅವರೇ ಓಡಿಸಲಿ.